ಯಾವ ಕೊರತೆಯನ್ನು ಕೊಳ್ಳುವುದು?

2008ರ ಜುಲೈ 1ರಂದು ನಿಕಾನ್ ಡಿ700 ಕ್ಯಾಮೆರಾ ಪ್ರಕಟವಾಯಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಕ್ಯಾನನ್ 5ಡಿ ಮಾರ್ಕ್ 2 ಬಂತು. ಅಮೆರಿಕದಲ್ಲಿ ಮೊದಲನೆಯದಕ್ಕೆ 2,999 ಡಾಲರ್, ಎರಡನೆಯದಕ್ಕೆ 2,699 ಡಾಲರ್. ಎರಡರಲ್ಲೂ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಾದ, ಬೆಳಕು ಹಿಡಿಯುವ ಸೆನ್ಸರ್, ಅಂದರೆ ಫುಲ್ ಫ್ರೇಮ್. ಆಗ ನಮ್ಮ ಕಡೆ ಇಂಥವನ್ನು ಕೈಯಲ್ಲಿ ಹಿಡಿದವರೆಂದರೆ ಪತ್ರಿಕೆಯ ಛಾಯಾಗ್ರಾಹಕರು, ಇಲ್ಲವೇ ದೊಡ್ಡ ಮನೆತನದ ಮದುವೆಗಳನ್ನು ಒಪ್ಪಿಕೊಳ್ಳುತ್ತಿದ್ದ ಸ್ಟುಡಿಯೋದವರು. ಈಗ ಅದೇ ಕ್ಯಾಮೆರಾಗಳು ಮಧ್ಯಮ ದರ್ಜೆಯ ಮೊಬೈಲಿನ ಬೆಲೆಗೆ ಬಂದು ನಿಂತಿವೆ. ಕೈಗೆಟುಕದಿದ್ದ ವಸ್ತು ಕೈಗೆಟುಕುವಂತಾದ ಮೇಲೆಯೇ ನಿಜವಾದ ಗೊಂದಲ ಶುರುವಾಗುವುದು.

ನನಗೆ ಕ್ಯಾಮೆರಾ ಬೇಕಾದದ್ದು ಯಕ್ಷಗಾನಕ್ಕೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯವರೆಗೆ, ನಮ್ಮ ತೆಂಕುತಿಟ್ಟಿನ ಊರುಗಳಲ್ಲಿ ಯಾವುದೋ ಗದ್ದೆಯಲ್ಲಿ, ಯಾರದೋ ಮನೆಯಂಗಳದಲ್ಲಿ ಹರಕೆಯಾಟ ಇದ್ದೇ ಇರುತ್ತದೆ. ರಂಗಸ್ಥಳದ ಮುಂದೆ ಕುಳಿತು ತೆಗೆಯುವುದು ಒಂದು ಕೆಲಸ. ಹಿಂದಿನ ಚೌಕಿಯಲ್ಲಿ, ಕಲಾವಿದರು ಚಾಪೆ ಹಾಸಿಕೊಂಡು ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುವಲ್ಲಿ ತೆಗೆಯುವುದು ಇನ್ನೊಂದು. ಎರಡೂ ರಾತ್ರಿಯ ಕೆಲಸ. ಎರಡಕ್ಕೂ ಬೆಳಕು ಕಡಿಮೆ, ಫ್ಲಾಶ್ ಹೊಡೆಯುವುದು ಮರ್ಯಾದೆಯಲ್ಲ. ಕಡಿಮೆ ಬೆಳಕು ಎಂದ ಕೂಡಲೇ ದೊಡ್ಡ ಸೆನ್ಸರ್ ಬೇಕು ಎನ್ನುತ್ತಾರೆ. ದೊಡ್ಡ ಸೆನ್ಸರ್ ಕಡಿಮೆ ದುಡ್ಡಿಗೆ ಬೇಕು ಎಂದರೆ ಹುಡುಕಾಟ ಈ ಎರಡು ಹಳಬರ ಬಳಿಗೆ ಬಂದು ನಿಲ್ಲುತ್ತದೆ.

ಹೊಸ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ, ಕೊಳ್ಳಬಾರದೇ ಎಂದು ಕೇಳುವವರಿಗೆ ಉತ್ತರ ಚಿಕ್ಕದು: ದುಡ್ಡಿಲ್ಲ. ಇನ್ನೂ ಸ್ವಲ್ಪ ಸೇರಿಸಿ 2012ರ ಕ್ಯಾನನ್ 6ಡಿಯನ್ನೋ 2014ರ ನಿಕಾನ್ ಡಿ750 ಅನ್ನೋ ಕೊಳ್ಳಬಾರದೇ ಎಂದರೆ, ಅದು ನ್ಯಾಯವಾದ ಮಾತು. ಎರಡೂ ಮೈನಸ್ 3 ಇವಿಯಷ್ಟು (ಇವಿ ಎಂದರೆ ಬೆಳಕಿನ ಅಳತೆ) ಕತ್ತಲಲ್ಲಿಯೂ ಫೋಕಸ್ ಹಿಡಿಯುತ್ತವೆ, ಎರಡೂ ಸಾಮಾನ್ಯ ಎಸ್‌ಡಿ ಕಾರ್ಡ್ ತಿನ್ನುತ್ತವೆ. ಬೇರೆಯವರು ಸಲಹೆ ಕೇಳಿದರೆ ಬಹುಶಃ ಅವನ್ನೇ ಹೇಳುತ್ತೇನೆ. ಆದರೆ ಕ್ಯಾಮೆರಾದ ಬಜೆಟ್ ವಿಚಿತ್ರವಾದದ್ದು. ‘ಇನ್ನೂ ಸ್ವಲ್ಪ’ ಎಂಬ ಮೆಟ್ಟಿಲನ್ನು ಒಮ್ಮೆ ಹತ್ತಿದವನಿಗೆ ಮುಂದಿನ ಮೆಟ್ಟಿಲೂ ಸ್ವಲ್ಪವಾಗಿಯೇ ಕಾಣುತ್ತದೆ. ನಾನು ಕೆಳಗಿನ ಮೆಟ್ಟಿಲಿನಲ್ಲಿಯೇ ಕುಳಿತು ಯೋಚಿಸಲು ನಿರ್ಧರಿಸಿದೆ. ಉಳಿದ ದುಡ್ಡು ಲೆನ್ಸಿಗೆ.

ಈ ಎರಡು ಕ್ಯಾಮೆರಾಗಳು ಒಂದೇ ವರ್ಷ ಹುಟ್ಟಿದರೂ ಅವುಗಳ ಮನೆತನ ಬೇರೆ. 2007ರಲ್ಲಿ ನಿಕಾನ್ ಡಿ3 ಎಂಬ ದೈತ್ಯ ಕ್ಯಾಮೆರಾವನ್ನು ತಂದಿತ್ತು. ಅದು ಕ್ರೀಡೆ ಮತ್ತು ಸುದ್ದಿಯ ಛಾಯಾಗ್ರಾಹಕರಿಗಾಗಿ ಮಾಡಿದ್ದು. ಅದೇ 12.1 ಮೆಗಾಪಿಕ್ಸೆಲ್ ಸೆನ್ಸರನ್ನು, ಅದೇ 51 ಬಿಂದುಗಳ ಫೋಕಸ್ ವ್ಯವಸ್ಥೆಯನ್ನು ಚಿಕ್ಕ ಮೈಯೊಳಗೆ ತುಂಬಿದರೆ ಡಿ700. ಅದೇ 2007ರಲ್ಲಿ ಕ್ಯಾನನ್ ತಂದದ್ದು 1ಡಿಎಸ್ ಮಾರ್ಕ್ 3, ಸ್ಟುಡಿಯೋ ಮತ್ತು ಜಾಹೀರಾತಿನವರ 21.1 ಮೆಗಾಪಿಕ್ಸೆಲ್ ಕ್ಯಾಮೆರಾ. ಮರುವರ್ಷ ಅಷ್ಟೇ ಪಿಕ್ಸೆಲ್‌ಗಳು 5ಡಿ ಮಾರ್ಕ್ 2ರೊಳಗೆ ಬಂದವು. ಆದರೆ ಇಲ್ಲಿ ಕ್ಯಾನನ್ ಒಂದು ಜಿಪುಣತನ ಮಾಡಿತು. ಫೋಕಸ್ ವ್ಯವಸ್ಥೆಯನ್ನು ದೊಡ್ಡಣ್ಣನಿಂದ ತರಲಿಲ್ಲ. 2005ರ ಮೊದಲ 5ಡಿಯಲ್ಲಿದ್ದದ್ದನ್ನೇ ಮುಂದುವರಿಸಿತು. ಒಂಬತ್ತು ಬಿಂದು, ಜೊತೆಗೆ ನಡುವಿನ ಸುತ್ತ ಕಣ್ಣಿಗೆ ಕಾಣದ ಆರು ಸಹಾಯಕ ಬಿಂದು. ಅಡ್ಡ, ಉದ್ದ ಎರಡೂ ಗೆರೆಗಳನ್ನು ಗ್ರಹಿಸಬಲ್ಲ ಗಟ್ಟಿ ಬಿಂದು ಎಂದರೆ ಆ ಒಂಬತ್ತರಲ್ಲಿ ನಡುವಿನದೊಂದೇ.

ಹೀಗಾಗಿ ಒಂದರಲ್ಲಿ ವೇಗದ ಕಣ್ಣು, ಸಾಧಾರಣ ವಿವರ. ಇನ್ನೊಂದರಲ್ಲಿ ಅಗಾಧ ವಿವರ, ಮಂದ ಕಣ್ಣು. ನಿಕಾನ್ ಸೆಕೆಂಡಿಗೆ ಐದು ಚಿತ್ರ ತೆಗೆಯುತ್ತದೆ. ಕೆಳಗೆ ಎಂಬಿ-ಡಿ10 ಗ್ರಿಪ್ ಜೋಡಿಸಿ ಸರಿಯಾದ ಬ್ಯಾಟರಿ ಹಾಕಿದರೆ ಎಂಟು. ಕ್ಯಾನನ್ 3.9. ನಿಕಾನ್ 995 ಗ್ರಾಂ, ಕ್ಯಾನನ್ 810. ಕ್ಯಾನನ್‌ಗೆ ಫುಲ್ ಎಚ್‌ಡಿ ವಿಡಿಯೋ ಉಂಟು, ನಿಕಾನ್‌ಗೆ ವಿಡಿಯೋ ಎಂಬುದೇ ಇಲ್ಲ. ನಿಕಾನ್‌ಗೆ ನೆತ್ತಿಯ ಮೇಲೆ ಪುಟ್ಟ ಫ್ಲಾಶ್ ಉಂಟು, ಕ್ಯಾನನ್‌ಗೆ ಇಲ್ಲ. ವಿಡಿಯೋ ಮತ್ತು ಫ್ಲಾಶ್ ಎರಡನ್ನೂ ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. 5ಡಿ ಮಾರ್ಕ್ 2ರ ವಿಡಿಯೋ ಒಂದು ಕಾಲಕ್ಕೆ ದೊಡ್ಡ ಕ್ರಾಂತಿ, ಒಪ್ಪುತ್ತೇನೆ. ಆದರೆ ಒಂದು ತುಣುಕು 4 ಜಿಬಿ ಮುಟ್ಟುತ್ತಲೇ, ಅಂದರೆ ಸುಮಾರು ಹನ್ನೆರಡು ನಿಮಿಷಕ್ಕೆ, ನಿಂತು ಹೋಗುತ್ತದೆ. ಭಾಗವತರು ಏರುಪದ್ಯಕ್ಕೆ ಬರುವಷ್ಟರಲ್ಲಿ ಕ್ಯಾಮೆರಾ ಕೈಕೊಟ್ಟರೆ ಏನು ಪ್ರಯೋಜನ? ಆ ಕೆಲಸಕ್ಕೆ ಇಂದು ಕಿಸೆಯ ಮೊಬೈಲೇ ಮೇಲು.

ಮೊದಲು ಪಿಕ್ಸೆಲ್‌ಗಳ ಲೆಕ್ಕ ಮುಗಿಸಿಬಿಡೋಣ, ಏಕೆಂದರೆ ಇದರಲ್ಲಿಯೇ ಹೆಚ್ಚು ಜನ ದಾರಿ ತಪ್ಪುವುದು. 21 ಎಂದರೆ 12ರ ಹೆಚ್ಚುಕಡಿಮೆ ಇಮ್ಮಡಿ ಎಂಬಂತೆ ಕಿವಿಗೆ ಕೇಳಿಸುತ್ತದೆ. ಆದರೆ ಉದ್ದದ ಬದಿಯಲ್ಲಿ ಲೆಕ್ಕ ಹಾಕಿದರೆ ನಿಕಾನ್‌ನದು 4256 ಪಿಕ್ಸೆಲ್ ಬಿಂದು, ಕ್ಯಾನನ್‌ನದು 5616. ಅಂದರೆ ಮೂರನೇ ಒಂದರಷ್ಟು ಮಾತ್ರ ಹೆಚ್ಚು. ಇಂಚಿಗೆ 300 ಬಿಂದುವಿನಂತೆ ಮುದ್ರಿಸಿದರೆ ಒಂದರ ಚಿತ್ರ ಹದಿನಾಲ್ಕು ಇಂಚು ಅಗಲ, ಇನ್ನೊಂದರದು ಹದಿನೆಂಟೂವರೆ ದಾಟುತ್ತದೆ. ನಮ್ಮ ಮದುವೆ ಆಲ್ಬಂಗಳ 12×36 ಇಂಚಿನ ಜೋಡಿ ಪುಟಕ್ಕೆ ಒಂದೇ ಚಿತ್ರ ಹರಡಿದರೆ ನಿಕಾನ್‌ನಿಂದ ಇಂಚಿಗೆ 118 ಬಿಂದು, ಕ್ಯಾನನ್‌ನಿಂದ 156 ಬಿಂದು. ಅಂಥ ಪುಟಗಳನ್ನು ಡಿ700ರಲ್ಲಿ ತೆಗೆದ ಚಿತ್ರಗಳಿಂದಲೇ ತುಂಬಿದ ಆಲ್ಬಂಗಳು ಈ ಜಿಲ್ಲೆಯ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಯಾವ ವಧುವೂ ಬಿಂದು ಎಣಿಸಿ ಜಗಳವಾಡಿದ್ದನ್ನು ನಾನು ಕೇಳಿಲ್ಲ. ಆದ್ದರಿಂದ 12 ಮೆಗಾಪಿಕ್ಸೆಲ್ ಸಾಲದು ಎನ್ನುವವರ ಮಾತನ್ನು ನಂಬಬೇಡಿ. ಸಾಲುತ್ತದೆ. ಯಾವುದಕ್ಕೆ ಸಾಲುವುದಿಲ್ಲ ಎಂಬುದನ್ನು ಮಾತ್ರ ನೋಡಬೇಕು.

ಚೌಕಿಗೆ ಬರುತ್ತೇನೆ. ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಚಿಟ್ಟಿ ಇಡುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಮುದ್ದೆಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ, ಹುಬ್ಬಿನ ಮೇಲೆ, ಒಂದರ ಪಕ್ಕದಲ್ಲಿ ಒಂದರಂತೆ ಮುಳ್ಳು ಏಳುವ ಹಾಗೆ ಇಡುತ್ತಾ ಹೋಗುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಪ್ರತಿ ಚುಕ್ಕೆಗೂ ಕಡ್ಡಿ ಎಳೆದ ದಿಕ್ಕಿಗೆ ಒಂದು ಪುಟ್ಟ ಬಾಲ ಉಳಿಯುತ್ತದೆ. ಬದಿಯಿಂದ ಬಲ್ಬಿನ ಬೆಳಕು ಬಿದ್ದರೆ ಆ ಬಾಲದ ನೆರಳು ಪಕ್ಕದ ಚುಕ್ಕೆಯ ಮೇಲೆ ಬೀಳುತ್ತದೆ. ಇದನ್ನು ಡಿ700ರಲ್ಲಿಯೂ 5ಡಿ ಮಾರ್ಕ್ 2ರಲ್ಲಿಯೂ ತೆಗೆದ ಚಿತ್ರಗಳು ನನ್ನ ಬಳಿ ಇವೆ. ಎರಡನ್ನೂ ಗೆಳೆಯರು ಒಂದೊಂದು ಆಟಕ್ಕೆಂದು ಎರವಲು ಕೊಟ್ಟಿದ್ದರು. ಇಡೀ ಮುಖದ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡುತ್ತಾ ಹೋದರೆ ನಿಕಾನ್‌ನ ಚಿತ್ರದಲ್ಲಿ ಚಿಟ್ಟಿಯ ಸಾಲು ಕಾಣುತ್ತದೆ, ಚುಕ್ಕೆ ಕಾಣುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಕ್ಯಾನನ್‌ನ ಚಿತ್ರದಲ್ಲಿ ಆ ಬಾಲವೂ ಅದರ ನೆರಳೂ ಕಾಣುತ್ತವೆ. ಕಡ್ಡಿ ಯಾವ ಕಡೆಗೆ ಹೋಯಿತು ಎಂದು ಹೇಳಬಹುದು. ಮೂರನೇ ಒಂದರಷ್ಟು ಹೆಚ್ಚಿನ ಬಿಂದು ಎಂದರೆ ಏನೆಂದು ನನಗೆ ಅರ್ಥವಾದದ್ದು ಅಲ್ಲಿ. ಮದುವೆಯ ಆಲ್ಬಂಗೆ ಲೆಕ್ಕಕ್ಕಿಲ್ಲದ ಅಂತರ ಚಿಟ್ಟಿಗೆ ಲೆಕ್ಕಕ್ಕುಂಟು.

ಶಬ್ದದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಪ್ರತಿ ಕ್ಲಿಕ್ಕಿಗೂ ಡಿ700ರೊಳಗಿನ ಕನ್ನಡಿ ಮೇಲೆದ್ದು ಬೀಳುವ ಸದ್ದು ಗಟ್ಟಿ. ಬಯಲಿನಲ್ಲಿ ಚೆಂಡೆಯ ಎದುರು ಅದು ಯಾರಿಗೂ ಕೇಳಿಸುವುದಿಲ್ಲ. ಚೌಕಿಯಲ್ಲಿ, ಕಣ್ಣಿನ ಕೆಳಗೆ ಚಿಟ್ಟಿ ಇಟ್ಟುಕೊಳ್ಳುತ್ತಿದ್ದ ಹಿರಿಯ ಕಲಾವಿದರೊಬ್ಬರು ಕನ್ನಡಿಯಿಂದ ಮುಖ ತಿರುಗಿಸದೆಯೇ ಹೇಳಿದರು: “ಸ್ವಲ್ಪ ತಡೆಯಿರಿ. ಆ ಸದ್ದಿಗೆ ಕೈ ಬೆಚ್ಚುತ್ತದೆ.” 5ಡಿ ಮಾರ್ಕ್ 2ರಲ್ಲಿ ಲೈವ್ ವ್ಯೂ, ಅಂದರೆ ಹಿಂಬದಿಯ ಪರದೆಯಲ್ಲಿ ದೃಶ್ಯ ನೋಡುವ ವಿಧಾನ, ಹಾಕಿಕೊಂಡು ಅದರ ಸೈಲೆಂಟ್ ಮೋಡ್ ಆಯ್ದುಕೊಂಡರೆ ಕನ್ನಡಿ ಮೊದಲೇ ಮೇಲೆದ್ದಿರುತ್ತದೆ, ಒಡ್ಡುವಿಕೆ ಎಲೆಕ್ಟ್ರಾನಿಕ್ ಆಗಿ ಶುರುವಾಗುತ್ತದೆ, ಕೊನೆಯಲ್ಲಿ ಶಟರ್ ಮುಚ್ಚುವ ಸಣ್ಣ ಸದ್ದು ಮಾತ್ರ. ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ಕೈಯಲ್ಲಿಯೇ ಫೋಕಸ್ ತಿರುಗಿಸಬಹುದು. ಕುಳಿತವರ ಮುಖಕ್ಕೆ ಒಂಬತ್ತು ಬಿಂದುವೂ ಬೇಡ, ಐವತ್ತೊಂದೂ ಬೇಡ. ಅಂದಹಾಗೆ, ಬರಾಕ್ ಒಬಾಮಾ ಅವರ 2009ರ ಅಧಿಕೃತ ಭಾವಚಿತ್ರವನ್ನು ಪೀಟ್ ಸೌಜಾ ತೆಗೆದದ್ದು ಇದೇ 5ಡಿ ಮಾರ್ಕ್ 2ರಲ್ಲಿ. ಅಮೆರಿಕದ ಅಧ್ಯಕ್ಷರೊಬ್ಬರ ಅಧಿಕೃತ ಭಾವಚಿತ್ರ ಡಿಜಿಟಲ್ ಕ್ಯಾಮೆರಾದಲ್ಲಿ ಮೂಡಿದ್ದು ಅದೇ ಮೊದಲು. ಅಲುಗದೆ ಕುಳಿತವರ ಮುಂದೆ ಈ ಕ್ಯಾಮೆರಾಕ್ಕೆ ಯಾವ ದೂರೂ ಇಲ್ಲ.

ರಂಗಸ್ಥಳದ ವಿಷಯ ಬೇರೆ. ಇಲ್ಲಿ ನಿಕಾನ್ ಗೆಲ್ಲುತ್ತದೆ ಎಂದು ನಾನು ಖಚಿತವಾಗಿ ನಂಬಿದ್ದೆ, ಕೇಳಿದವರೆಲ್ಲರೂ ಹಾಗೆಯೇ ಹೇಳಿದರು. ಪುಂಡುವೇಷದವರು, ಅಂದರೆ ಚುರುಕಿನ ಯುವ ಪಾತ್ರದವರು, ರಂಗದ ಸುತ್ತ ದಿಗಿಣ (ಗಾಳಿಯಲ್ಲಿ ಸುತ್ತುವ ನೆಗೆತ) ಹಾರುತ್ತಾ ಬರುವಾಗ ಫೋಕಸ್ ಅವರ ಹಿಂದೆ ಓಡಬೇಕಲ್ಲವೇ? ಡಿ700ರ 51 ಬಿಂದುಗಳು ಆ ಓಟವನ್ನು ನಿಜಕ್ಕೂ ಹಿಡಿಯುತ್ತವೆ. ಮುಖ ಚೌಕಟ್ಟಿನ ಎಡಕ್ಕಿರಲಿ, ಬಲಕ್ಕಿರಲಿ, ಹೆಬ್ಬೆರಳಿನಲ್ಲಿ ಬಿಂದುವನ್ನು ಅಲ್ಲಿಗೆ ದಾಟಿಸಿದರೆ ಆಯಿತು. ಕ್ಯಾನನ್‌ನಲ್ಲಿ ಬದಿಯ ಬಿಂದುಗಳನ್ನು ಆ ಬೆಳಕಿನಲ್ಲಿ ನಂಬಿದರೆ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಅಷ್ಟರಲ್ಲಿ ದೃಶ್ಯವೇ ಮುಗಿದಿರುತ್ತದೆ. ನಡುವಿನ ಬಿಂದುವಿನಲ್ಲಿ ಫೋಕಸ್ ಹಿಡಿದು ಕ್ಯಾಮೆರಾವನ್ನು ಪಕ್ಕಕ್ಕೆ ಹೊರಳಿಸುವುದೇ ಗತಿ. ಎಫ್/1.8ರಲ್ಲಿ, ಅಂದರೆ ಲೆನ್ಸಿನ ದ್ವಾರವನ್ನು ಅಗಲವಾಗಿ ತೆರೆದಿರುವಾಗ, ಹಾಗೆ ಹೊರಳಿಸಿದರೆ ಫೋಕಸ್ ಕಣ್ಣಿನಿಂದ ಕಿವಿಗೆ ಜಾರುತ್ತದೆ. ಡಿ700ರ ಪಕ್ಷದವರಿಗೆ ಒಂದು ಮಾತು: ಆ ಐವತ್ತೊಂದೂ ಬಿಂದುಗಳು ಚೌಕಟ್ಟಿನ ನಡುಭಾಗದಲ್ಲಿಯೇ ಗುಂಪುಗೂಡಿವೆ, ಅಂಚಿನವರೆಗೆ ಹರಡಿಲ್ಲ, ಮತ್ತು ಅಡ್ಡ-ಉದ್ದ ಎರಡನ್ನೂ ಗ್ರಹಿಸುವಂಥವು ಹದಿನೈದು ಮಾತ್ರ. ಹಾಗಿದ್ದರೂ ಒಂದು ಎಲ್ಲಿ, ಹದಿನೈದು ಎಲ್ಲಿ.

ಆದರೆ ರಂಗಸ್ಥಳದಲ್ಲಿ ಇನ್ನೊಂದು ಸಂಗತಿ ಇದೆ, ಅದು ಬೆಳಕಿನದು. ದೊಂದಿ, ಗ್ಯಾಸ್‌ಲೈಟುಗಳ ಕಾಲ ಹೋಗಿ ಟ್ಯೂಬ್‌ಲೈಟ್ ಬಂತು, ಹ್ಯಾಲೋಜನ್ ಬಂತು, ಈಗ ಎಲ್ಲ ಕಡೆ ಎಲ್ಇಡಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಅದರ ಇಮ್ಮಡಿ, ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ, ಶಟರಿಗೆ ತಿಳಿಯುತ್ತದೆ. 1/100 ಅಥವಾ 1/50 ಸೆಕೆಂಡಿನಲ್ಲಿ ತೆಗೆದರೆ ಪೂರ್ಣ ಮಿಣುಕು ಒಂದೋ ಎರಡೋ ಒಳಗೆ ಬಂದು ಬೆಳಕು ಸಮನಾಗಿರುತ್ತದೆ. 1/500ಕ್ಕೆ ಏರಿಸಿದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕು, ಅದರ ಮುಂದಿನದರಲ್ಲಿ ಕಿರೀಟ ಒಂದು ಬಣ್ಣ, ಕಾಲು ಇನ್ನೊಂದು ಬಣ್ಣ. ಅಗ್ಗದ ಎಲ್ಇಡಿಗಳೂ ಇದೇ ಚೇಷ್ಟೆ ಮಾಡುತ್ತವೆ. ಈ ಮಿಣುಕನ್ನು ಲೆಕ್ಕ ಹಾಕಿ ಸರಿಯಾದ ಕ್ಷಣಕ್ಕೆ ಶಟರ್ ತೆರೆಯುವ ಉಪಾಯ ಕ್ಯಾಮೆರಾಗಳಲ್ಲಿ ಬಂದದ್ದು ಆಮೇಲೆ. ಈ ಎರಡು ಹಳಬರಿಗೂ ಅದು ಗೊತ್ತಿಲ್ಲ.

ಅಂದಮೇಲೆ ದಿಗಿಣವನ್ನು ಗಾಳಿಯಲ್ಲಿ ನಿಲ್ಲಿಸಲು ಬೇಕಾದ ಶಟರ್ ವೇಗವನ್ನೇ ಈ ಬೆಳಕು ಕೊಡುವುದಿಲ್ಲ. ಸೆಕೆಂಡಿಗೆ ಎಂಟು ಚಿತ್ರ ತೆಗೆದು ಎಂಟರಲ್ಲೂ ಪಟ್ಟೆ ಬಿದ್ದರೆ ಆ ವೇಗ ಯಾರಿಗೆ ಬೇಕು? 1/100ರಲ್ಲಿ ಕುಳಿತು ತೆಗೆಯುವವನಿಗೆ ಉಳಿಯುವ ದಾರಿ ಒಂದೇ: ನಿಂತಾಗ ತೆಗೆಯುವುದು. ಯಕ್ಷಗಾನದಲ್ಲಿ ವೇಷ ನಿಲ್ಲುತ್ತದೆ. ಸುಮ್ಮನೆ ಎಲ್ಲೋ ನಿಲ್ಲುವುದಿಲ್ಲ, ಬಿಡ್ತಿಗೆ ಮುಗಿಯುವಲ್ಲಿ ನಿಲ್ಲುತ್ತದೆ. ಚೆಂಡೆ, ಮದ್ದಳೆಗಳ ನುಡಿತ ಏರಿ ಏರಿ ಮುಕ್ತಾಯಕ್ಕೆ ಬಂದು ಕೊನೆಯ ಪೆಟ್ಟು ಬೀಳುವಲ್ಲಿ ಕಾಲು ನೆಲ ಕಚ್ಚುತ್ತದೆ, ಕೈ ಚಾಚುತ್ತದೆ, ಕಣ್ಣು ಅರಳುತ್ತದೆ. ಆ ಒಂದು ಗಳಿಗೆ ಮೈ ಕಲ್ಲಾಗಿರುತ್ತದೆ. ಚಿಕ್ಕಂದಿನಿಂದ ಆಟ ನೋಡಿ ಬೆಳೆದವನ ಕಿವಿಗೆ ಆ ಮುಕ್ತಾಯ ಎಲ್ಲಿ ಬರುತ್ತದೆ ಎಂಬುದು ನಾಲ್ಕು ಪೆಟ್ಟು ಮೊದಲೇ ತಿಳಿಯುತ್ತದೆ. ಬೆರಳು ಅಲ್ಲಿಗೆ ಕಾದಿರುತ್ತದೆ. ಇದಕ್ಕೆ 3.9 ಧಾರಾಳ ಸಾಕು. ನಿಜ ಹೇಳಬೇಕೆಂದರೆ ಒಂದೇ ಸಾಕು. ವೇಷ ಎಲ್ಲಿ ನಿಲ್ಲುತ್ತದೆ ಎಂಬುದೂ ಬಹುಮಟ್ಟಿಗೆ ಗೊತ್ತಿರುವುದರಿಂದ ನಡುಬಿಂದುವಿನಲ್ಲಿ ಫೋಕಸ್ ಮೊದಲೇ ಹಿಡಿದು, ಎಫ್/2.8ಕ್ಕೆ ಇಳಿಸಿ, ಸ್ವಲ್ಪ ಅಗಲವಾಗಿ ತೆಗೆದರೆ ಆಯಿತು. ಅಂಚುಗಳನ್ನು ಆಮೇಲೆ ಕತ್ತರಿಸಬಹುದು. ಕತ್ತರಿಸಿದ ಮೇಲೂ ಉಳಿಯುವಷ್ಟು ಪಿಕ್ಸೆಲ್ ಯಾರ ಬಳಿ ಇದೆ? ಕ್ಯಾನನ್ ಬಳಿ.

ಇಲ್ಲಿಗೆ ನನ್ನ ತಕ್ಕಡಿ ವಾಲಿತು. ಎರಡು ಹೊಸ ಕ್ಯಾಮೆರಾಗಳನ್ನು ಹೋಲಿಸುವಾಗ ಯಾವುದು ಏನು ಮಾಡಬಲ್ಲದು ಎಂದು ನೋಡುತ್ತೇವೆ. ಹದಿನೈದು ವರ್ಷ ದಾಟಿದ ಕ್ಯಾಮೆರಾಗಳಲ್ಲಿ ಕೊರತೆ ಇದ್ದೇ ಇದೆ. ಯಾವ ಕೊರತೆಯನ್ನು ನಾವು ನಮ್ಮ ಕಡೆಯಿಂದ ತುಂಬಬಲ್ಲೆವು ಎಂದು ನೋಡಬೇಕು. 5ಡಿ ಮಾರ್ಕ್ 2ರ ಮಂದ ಫೋಕಸನ್ನು ಬಿಡ್ತಿಗೆ ಗೊತ್ತಿರುವ ಕಿವಿ ಒಂದಷ್ಟು ತುಂಬಿಕೊಡುತ್ತದೆ. ಡಿ700ರಲ್ಲಿ ಇಲ್ಲದ ಒಂಬತ್ತು ಮೆಗಾಪಿಕ್ಸೆಲನ್ನು ನಾನು ಎಲ್ಲಿಂದ ತರಲಿ? ಕಂಬಳದ ಫೋಟೋ ತೆಗೆಯುವವನಿಗೆ ಈ ಲೆಕ್ಕ ಪೂರ್ತಿ ತಿರುಗುಮುರುಗು. ಓಡುವ ಕೋಣಗಳಿಗೆ ಬಿಡ್ತಿಗೆಯೂ ಇಲ್ಲ, ಮುಕ್ತಾಯವೂ ಇಲ್ಲ.

ಕತ್ತಲಿನ ಗುಣಮಟ್ಟದ ಬಗ್ಗೆ ಎರಡು ಮಾತು. ಎರಡರ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆಯ ಅಳತೆ) ಮಿತಿಯೂ 6400, ಹಿಗ್ಗಿಸಿದರೆ 25,600. ಹಿಗ್ಗಿಸಿದ್ದನ್ನು ಮರೆತುಬಿಡಿ, ಅದು ಪ್ರಚಾರಪತ್ರಕ್ಕೆ ಬರೆದದ್ದು. 3200ರಲ್ಲಿ ಕಂಪ್ಯೂಟರ್ ಪರದೆಯ ಮೇಲೆ ನೂರಕ್ಕೆ ನೂರು ಗಾತ್ರದಲ್ಲಿ ನೋಡಿದರೆ ನಿಕಾನ್‌ನ ಚಿತ್ರ ಸ್ವಚ್ಛ ಕಾಣುತ್ತದೆ. ಕ್ಯಾನನ್‌ನ ಚಿತ್ರವನ್ನು ನಿಕಾನ್‌ನಷ್ಟೇ ಗಾತ್ರಕ್ಕೆ ಕುಗ್ಗಿಸಿ ಮತ್ತೆ ನೋಡಿದರೆ ಆ ಅಂತರ ಬಹುಪಾಲು ಕರಗುತ್ತದೆ. ಕರಗದೆ ಉಳಿಯುವುದು ನೆರಳಿನ ಸಮಸ್ಯೆ. ಕ್ಯಾನನ್‌ನಲ್ಲಿ ಕಪ್ಪು ಭಾಗವನ್ನು ಆಮೇಲೆ ಎತ್ತಲು ಹೋದರೆ ಗೆರೆಗೆರೆಯಾದ ಪಟ್ಟಿಗಳು ಎದ್ದು ಬರುತ್ತವೆ. ನಿಕಾನ್ ಇಲ್ಲಿ ಹೆಚ್ಚು ಸಂಭಾವಿತ. ಎದೆಪದಕ, ಭುಜಕೀರ್ತಿಗಳ ಬೇಗಡೆ ಬೆಳಕಿಗೆ ಉರಿದು ಬೆಳ್ಳಗಾಗಬಾರದೆಂದು ಸ್ವಲ್ಪ ಕಡಿಮೆ ಬೆಳಕಿನಲ್ಲಿ ತೆಗೆದು ನೆರಳನ್ನು ಎತ್ತುವ ಅಭ್ಯಾಸ ಇರುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನನಗೆ ಹಿನ್ನೆಲೆಯ ಕತ್ತಲು ಕತ್ತಲಾಗಿಯೇ ಇದ್ದರೆ ಚೆಂದ. ಬಯಲಾಟದ ಹಿಂದೆ ತೆಂಗಿನ ಮರವೂ ಐಸ್‌ಕ್ರೀಮ್ ಗಾಡಿಯೂ ಹಗಲಿನಂತೆ ಕಾಣುವ ಫೋಟೋಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಲೆನ್ಸಿನ ವಿಷಯದಲ್ಲಿ ನನಗೆ ನಿಕಾನ್ ಕಡೆಗೆ ಒಂದು ಸೆಳೆತವಿತ್ತು. ಸೋದರಮಾವ ಫಿಲ್ಮಿನ ಕಾಲದಲ್ಲಿ ಬಳಸುತ್ತಿದ್ದ 105 ಮಿ.ಮೀ. ಎಫ್/2.5 ನಿಕ್ಕರ್ ಲೆನ್ಸ್ ಮನೆಯಲ್ಲಿದೆ. ಕೈಯಲ್ಲಿ ತಿರುಗಿಸಿ ಫೋಕಸ್ ಮಾಡುವ, ಹಿತ್ತಾಳೆ ತೂಕದ, ಮುಖಕ್ಕೆಂದೇ ಮಾಡಿದ ಲೆನ್ಸು. ನಿಕಾನ್‌ನ ಎಫ್ ಮೌಂಟ್ 1959ರಿಂದ ನಡೆದುಬಂದದ್ದು. ಡಿ700ರ ಮೆನುವಿನಲ್ಲಿ ಲೆನ್ಸಿನ ಉದ್ದ ಮತ್ತು ಗರಿಷ್ಠ ದ್ವಾರವನ್ನು ಬರೆದುಕೊಟ್ಟರೆ ಅದು ಈ ಅಜ್ಜನನ್ನು ಗುರುತು ಹಿಡಿದು ಸರಿಯಾಗಿ ಬೆಳಕು ಅಳೆಯುತ್ತದೆ, ಫೋಕಸ್ ಕೂಡಿತೆಂದು ಹಸಿರು ಚುಕ್ಕೆ ತೋರಿಸುತ್ತದೆ. ಇಷ್ಟು ಸೌಜನ್ಯ ಇರುವಾಗ ನಿಕಾನ್ ಬಿಟ್ಟು ಬೇರೇಕೆ ಎಂದುಕೊಂಡಿದ್ದೆ. ಆಮೇಲೆ ಅಳತೆ ನೋಡಿದೆ. ನಿಕಾನ್‌ನಲ್ಲಿ ಮೌಂಟಿನಿಂದ ಸೆನ್ಸರಿಗೆ ದೂರ 46.5 ಮಿ.ಮೀ., ಕ್ಯಾನನ್‌ನಲ್ಲಿ 44. ಆ ಎರಡೂವರೆ ಮಿಲಿಮೀಟರಿನ ಜಾಗದಲ್ಲಿ ಒಂದು ಲೋಹದ ಉಂಗುರ ಕೂರಿಸಿದರೆ ನಿಕಾನ್‌ನ ಹಳೆಯ ಲೆನ್ಸು ಕ್ಯಾನನ್‌ಗೆ ಹಿಡಿಯುತ್ತದೆ, ದೂರದವರೆಗೂ ಫೋಕಸ್ ಆಗುತ್ತದೆ. ತಿರುಗಿಸಿ ಹೇಳಿದರೆ ಆಗದು. ಕ್ಯಾನನ್ ಲೆನ್ಸು ನಿಕಾನ್‌ಗೆ ಕೂರುವುದಿಲ್ಲ. ಹೀಗೆ ನಿಕಾನ್ ಪರವಾಗಿದ್ದ ನನ್ನ ದೊಡ್ಡ ವಾದವೇ ಕ್ಯಾನನ್ ಕಡೆಗೆ ಹೋಗಿ ಕುಳಿತಿತು. ಕ್ಯಾನನ್ ಮೇಲೆ ದ್ವಾರವನ್ನು ಕೈಯಲ್ಲಿಯೇ ಕಿರಿದು ಮಾಡಬೇಕು, ಆಗ ನೋಟದ ಕಿಂಡಿ ಕತ್ತಲಾಗುತ್ತದೆ, ನಿಜ. ಚೌಕಿಯಲ್ಲಿ ನಾನು ಎಫ್/2.5 ಬಿಟ್ಟು ಕಿರಿದು ಮಾಡುವುದೇ ಕಡಿಮೆ.

ಇನ್ನು ಕೊಳ್ಳುವ ವ್ಯವಹಾರ. ಇಂಥ ಕ್ಯಾಮೆರಾಗಳು ನಮ್ಮ ಕಡೆ ಹೆಚ್ಚಾಗಿ ಮದುವೆ ಸ್ಟುಡಿಯೋಗಳಿಂದ ಹೊರಬರುತ್ತವೆ. ಎರಡರ ಶಟರಿಗೂ ಕಂಪನಿ ಹೇಳಿದ ಆಯುಷ್ಯ 1,50,000 ಕ್ಲಿಕ್. ಇದು ಪರೀಕ್ಷೆಯಲ್ಲಿ ತಾಳಿಕೊಂಡ ಅಂಕಿ. ಅದರ ಮರುದಿನ ಸಾಯುತ್ತದೆ ಎಂದರ್ಥವಲ್ಲ, ಅಲ್ಲಿಯವರೆಗೆ ಬದುಕುತ್ತದೆ ಎಂಬ ಭರವಸೆಯೂ ಅಲ್ಲ. ಎಣಿಕೆ ನೋಡುವುದರಲ್ಲಿ ಎರಡಕ್ಕೂ ವ್ಯತ್ಯಾಸವಿದೆ. ಡಿ700ರಲ್ಲಿ ತೆಗೆದ ಪ್ರತಿ ಚಿತ್ರದೊಳಗೂ ಎಣಿಕೆ ಬರೆದಿರುತ್ತದೆ. ಮಾರುವವರು ಒಂದು ಮೂಲ ಚಿತ್ರ ಕಳಿಸಿದರೆ ಮನೆಯಲ್ಲಿಯೇ ಕುಳಿತು ಓದಬಹುದು. 5ಡಿ ಮಾರ್ಕ್ 2 ಅದನ್ನು ಚಿತ್ರದಲ್ಲಿ ಬರೆಯುವುದಿಲ್ಲ. ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ ಬೇರೆ ತಂತ್ರಾಂಶದಿಂದ ಕೇಳಬೇಕು. ಹಾಗಾಗಿ ಕ್ಯಾನನ್ ನೋಡಲು ಹೋಗುವವರು ಲ್ಯಾಪ್‌ಟಾಪ್ ಹೊತ್ತೇ ಹೋಗಬೇಕು.

ನಾನೂ ಹೊತ್ತುಕೊಂಡೇ ಹೋದೆ. ಪೇಟೆಯ ಒಂದು ಸ್ಟುಡಿಯೋದಲ್ಲಿ ಎರಡೂ ಮಾರಾಟಕ್ಕಿದ್ದವು. ಮಾಲಕರು 5ಡಿಯನ್ನು ಮೇಜಿನ ಮೇಲಿಟ್ಟು, “ಇದರಲ್ಲಿ ತೆಗೆದ ಮದುವೆಗಳ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ ಮಾರಾಯರೇ, ನೀವು ಎಣಿಕೆ ನೋಡುತ್ತೀರಾ?” ಎಂದು ನಕ್ಕರು. ನೋಡಿದೆ. ಲಕ್ಷ ದಾಟಿತ್ತು, ಒಂದೂವರೆ ಲಕ್ಷ ಮುಟ್ಟಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ ನಾನು ನೋಡಿದ್ದು ಕಾರ್ಡಿನ ಗೂಡನ್ನು. ಈ ಎರಡೂ ಕ್ಯಾಮೆರಾಗಳು ಬಳಸುವುದು ಕಾಂಪ್ಯಾಕ್ಟ್‌ಫ್ಲಾಶ್ ಕಾರ್ಡು. ಗೂಡಿನ ತಳದಲ್ಲಿ ಎರಡು ಸಾಲಾಗಿ ಐವತ್ತು ಸೂಜಿಗಳು ನಿಂತಿರುತ್ತವೆ. ಕಾರ್ಡಿನಲ್ಲಿ ಅದಕ್ಕೆ ಸರಿಯಾದ ಐವತ್ತು ತೂತುಗಳು. ಗಡಿಬಿಡಿಯಲ್ಲಿ ಓರೆಯಾಗಿ ತುರುಕಿದರೆ ಒಂದು ಸೂಜಿ ಬಾಗುತ್ತದೆ. ಬಾಗಿದ್ದು ಪಕ್ಕದ್ದಕ್ಕೆ ತಾಗಿದರೆ ಕ್ಯಾಮೆರಾದ ಕಥೆ ಮುಗಿಯಿತು. ಮೊಬೈಲಿನ ಟಾರ್ಚ್ ಹಿಡಿದು ಬಾಗಿಲ ಕಡೆಯಿಂದ ನೇರ ಒಳಗೆ ನೋಡಬೇಕು, ತಲೆ ಸ್ವಲ್ಪ ಅತ್ತಿತ್ತ ಆಡಿಸಬೇಕು. ಸರಿಯಿದ್ದರೆ ಐವತ್ತೂ ತುದಿಗಳು ಒಟ್ಟಿಗೆ ಮಿನುಗಿ ಒಟ್ಟಿಗೆ ಮಸುಕಾಗುತ್ತವೆ. ಬಾಗಿದ್ದು ಇದ್ದರೆ ಅದೊಂದು ತಪ್ಪು ಹೊತ್ತಿಗೆ ಮಿನುಗುತ್ತದೆ. ಕಾರ್ಡ್ ಹಾಕಿ ತೆಗೆಯುವಾಗ ಸಣ್ಣ ತಡೆ ಕೈಗೆ ಸಿಕ್ಕಿದರೂ ಅಲ್ಲಿಯೇ ಕೈಮುಗಿದು ಎದ್ದು ಬರಬೇಕು.

ಉಳಿದವೆಲ್ಲ ರೂಢಿಯ ಪರೀಕ್ಷೆ. ಎಫ್/16ರಲ್ಲಿ ಬಿಳಿ ಗೋಡೆಯನ್ನೋ ಆಕಾಶವನ್ನೋ ತೆಗೆದು ಸೆನ್ಸರಿನ ಧೂಳು ನೋಡುವುದು. ಧೂಳಿದ್ದರೆ ಚಿಂತೆಯಿಲ್ಲ, ಗೀರು ಇದ್ದರೆ ಬೇಡ. ಮುಚ್ಚಳ ಹಾಕಿ ಕೆಲವು ಸೆಕೆಂಡ್ ಒಡ್ಡಿ, ಕೆಂಪು ನೀಲಿ ಚುಕ್ಕೆಗಳು ಎಷ್ಟೆಂದು ನೋಡುವುದು. ಲೆನ್ಸ್ ಮೌಂಟಿನ ಸ್ಕ್ರೂಗಳ ತಲೆ ಕೆತ್ತಿಹೋಗಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಹಿಡಿಕೆಯ ರಬ್ಬರ್ ಈ ವಯಸ್ಸಿನ ಕ್ಯಾಮೆರಾಗಳಲ್ಲಿ ಸಡಿಲವಾಗುವುದು ಸಹಜ, ಡಿ700ಗಳಲ್ಲಿ ಹೆಚ್ಚಾಗಿ ಕಾಣುತ್ತದೆ, ಅಂಟಿಸಿದರೆ ಕೂರುತ್ತದೆ. ನೋಟದ ಕಿಂಡಿಯೂ ಗಮನಕ್ಕಿರಲಿ. ಡಿ700ರ ಕಿಂಡಿಯಲ್ಲಿ ಚಿತ್ರದ ನೂರಕ್ಕೆ 95 ಭಾಗ ಮಾತ್ರ ಕಾಣುತ್ತದೆ, 5ಡಿಯಲ್ಲಿ 98. ಕಾಣದ ಅಂಚಿನಲ್ಲಿಯೇ ಟ್ಯೂಬ್‌ಲೈಟು ಕುಳಿತಿರುತ್ತದೆ ಎಂಬುದು ರಂಗಸ್ಥಳದ ನಿಯಮ.

ನನ್ನ ಮಟ್ಟಿಗೆ ಕೊನೆಯ ತೂಕ ಬಿದ್ದದ್ದು ಬ್ಯಾಟರಿಯ ಕಡೆಯಿಂದ. ಡಿ700ರ ಇಎನ್-ಇಎಲ್3ಇ ಆ ಕಾಲದ ಡಿ80, ಡಿ90, ಡಿ200, ಡಿ300ಗಳಿಗೆಲ್ಲ ಹಿಡಿಯುತ್ತಿದ್ದ ಬ್ಯಾಟರಿ. ಆ ತಲೆಮಾರಿನೊಂದಿಗೇ ಅದರ ಕಾಲವೂ ಮುಗಿಯಿತು. ಈಗ ಸಿಗುವುದು ಹೆಚ್ಚಾಗಿ ಬೇರೆಯವರು ಮಾಡಿದ್ದು, ಅವುಗಳ ಗುಣ ದೇವರಿಗೇ ಗೊತ್ತು. 5ಡಿ ಮಾರ್ಕ್ 2ರ ಜೊತೆ 2008ರಲ್ಲಿ ಬಂದ ಎಲ್‌ಪಿ-ಇ6ನ ವಂಶ ಮಾತ್ರ ನಿಂತಿಲ್ಲ. ಹೊಸ ಮಿರರ್‌ಲೆಸ್‌ಗಳಿಗೂ ಅದೇ ಆಕಾರದ ಬ್ಯಾಟರಿ ಬಂದಿದೆ, ಎಲ್‌ಪಿ-ಇ6ಎನ್‌ಎಚ್ ಎಂಬ ಮೊಮ್ಮಗ ಹಳೆಯ ಮೈಯಲ್ಲೂ ಕೂರುತ್ತದೆ. ಇಂಥ ಕ್ಯಾಮೆರಾಕ್ಕೆ ಶಟರ್ ಹೋದರೆ ಬಿಡಿಭಾಗ ಹುಡುಕುವುದೇ ಕಷ್ಟ. ಅಂಥದ್ದರಲ್ಲಿ ಬ್ಯಾಟರಿಗೂ ಅಲೆಯುವ ಉಮೇದು ನನಗಿಲ್ಲ.

ಕೊಂಡದ್ದು 5ಡಿ ಮಾರ್ಕ್ 2. ಆಷಾಢದಲ್ಲಿ ಕೊಂಡೆ. ಆಗ ಮದುವೆಗಳಿಲ್ಲ, ಸ್ಟುಡಿಯೋಗಳಲ್ಲಿ ನೊಣ ಹೊಡೆಯುವ ಕಾಲ, ಚೌಕಾಶಿಗೆ ಮಾಲಕರ ಮನಸ್ಸು ಮೆತ್ತಗಿರುತ್ತದೆ. ಮೇಳಗಳೂ ಹೊರಡುವುದಿಲ್ಲವಾದ್ದರಿಂದ ಮಳೆಗಾಲವಿಡೀ ಕ್ಯಾಮೆರಾದ ಗುಂಡಿಗಳನ್ನು ಕತ್ತಲಲ್ಲಿ ತಡವಿ ಕಲಿಯಲು ಸಮಯ. ಜೊತೆಗೆ ಒಂದು ಹೊಸ ಬ್ಯಾಟರಿ, ನಿಕ್ಕರ್ ಕೂರಿಸಲು ಉಂಗುರ, ಎರಡು ಸಣ್ಣ ಕಾರ್ಡು. ಸಣ್ಣದನ್ನೇ ತೆಗೆದುಕೊಂಡೆ: ಒಂದು ರಾ ಕಡತ, ಅಂದರೆ ಸಂಸ್ಕರಿಸದ ಮೂಲ ಚಿತ್ರ, ಇಪ್ಪತ್ತೈದು ಎಂಬಿಯಷ್ಟಾಗುವುದರಿಂದ ಕಾರ್ಡು ಬೇಗ ತುಂಬುತ್ತದೆ, ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ಡಿ700 ಇನ್ನೂ ಆ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿದೆ, ಪಕ್ಕದಲ್ಲಿ ಅದರ ಗ್ರಿಪ್ಪೂ ಇದೆ. ನಮ್ಮ ಬೀದಿಯ ಹುಡುಗನೊಬ್ಬ ಕಂಬಳದ ಫೋಟೋಗಳಿಗಾಗಿ ಊರೂರು ಸುತ್ತುತ್ತಾನೆ. ಅವನಿಗೆ ವಿಷಯ ತಿಳಿಸಿದ್ದೇನೆ. ಗ್ರಿಪ್ ಬಿಟ್ಟು ಕ್ಯಾಮೆರಾ ಮಾತ್ರ ಕೊಳ್ಳಬೇಡ ಎಂದೂ, ಮಾಲಕರು ಮೊದಲು ಹೇಳುವ ಬೆಲೆಗೆ ಒಪ್ಪಬೇಡ ಎಂದೂ ಹೇಳಿದ್ದೇನೆ.